ಗ್ಯಾಲಪಗೋಸ್‌ಗೆ ಹೊರಡುವ ಮೊದಲು ಎಮ್ಮೆಯ ಫೋಟೊ ತೆಗೆಯಿರಿ: ಜ್ವಾಲಾಮುಖಿ ದ್ವೀಪದಲ್ಲಿ ಕ್ಯಾಮೆರಾ ಹಿಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯಿಂದ ಈಕ್ವೆಡಾರ್ ದೇಶದ ಗ್ಯಾಲಪಗೋಸ್ ದ್ವೀಪಗಳಿಗೆ ಹೋಗಿ ಬಂದವರು ತೋರಿಸುವ ಫೋಟೊಗಳಲ್ಲಿ ಮೂರು ತಪ್ಪುಗಳು ಪದೇಪದೇ ಕಾಣುತ್ತವೆ. ಬಿಳಿ ಹಕ್ಕಿಯ ಎದೆ ಸುಣ್ಣ ಬಳಿದ ಗೋಡೆಯ ಹಾಗಿರುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಇಗ್ವಾನಾ ಎನ್ನುವ ದೊಡ್ಡ ಹಲ್ಲಿಯ ತಲೆ ಇರುತ್ತದೆ, ಬಾಲ ಫ್ರೇಮಿನ ಹೊರಗಿರುತ್ತದೆ. ಮೂರನೇ ದಿನದಿಂದ ಎಲ್ಲ ಚಿತ್ರಗಳ ಮೇಲೂ ಮಂಜು ಮುಸುಕಿದಂತೆ ಒಂದು ಪದರ. ಲೆನ್ಸಿನ ಮೇಲೆ ಒಣಗಿದ ಉಪ್ಪಿನ ಕೆಲಸ ಅದು. ನಾನೂ ಮೊದಲ ಸಲ ಈ ಮೂರನ್ನೂ ಮಾಡಿದವನೇ.

ಕಾರಣ ಸುಲಭ. ನಾವು ಫೋಟೊ ಕಲಿತದ್ದು ಓಡಿಹೋಗುವ ಪ್ರಾಣಿಗಳ ಮೇಲೆ. ಮಂಗಟ್ಟೆ ಹಕ್ಕಿ ನಾವು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಆಚೆ ಗುಡ್ಡ ಸೇರಿರುತ್ತದೆ. ಕೆಂದಳಿಲು ಕೊಂಬೆಯ ಹಿಂದೆ ಸರಿಯುತ್ತದೆ. ಹಾಗಾಗಿ ಉದ್ದದ ಲೆನ್ಸ್, ಅಡಗಿ ಕೂರುವುದು, ಸಿಕ್ಕ ಕೂಡಲೇ ಹತ್ತಿಪ್ಪತ್ತು ಕ್ಲಿಕ್ ಒತ್ತುವುದು ಕೈಗೆ ಅಂಟಿಬಿಟ್ಟಿದೆ. ಅಲ್ಲಿ ಪ್ರಾಣಿ ಓಡುವುದಿಲ್ಲ. ದಾರಿಗೆ ಅಡ್ಡ ಮಲಗಿರುತ್ತದೆ, ನೀವೇ ಸುತ್ತು ಹಾಕಿ ಹೋಗಬೇಕು. ಮಲೆನಾಡಿನ ಅಭ್ಯಾಸದಲ್ಲಿ ಅರ್ಧವನ್ನು ಮರೆತು ಹೋದರೆ ಮಾತ್ರ ಅಲ್ಲಿ ಚಿತ್ರ ಸಿಗುತ್ತದೆ. ಆ ಮರೆಯುವ ಕೆಲಸವನ್ನು ಊರಲ್ಲೇ ಮಾಡಿಕೊಳ್ಳಬಹುದು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಲೆನ್ಸ್ ಖರೀದಿಯಿಂದ ಶುರು ಮಾಡಬೇಡಿ.

ಹಂತ 1: ಯಾವ ಪ್ರಾಣಿ ಬೇಕು ಅಂತ ಮೊದಲು ತೀರ್ಮಾನಿಸಿ

ಎಲ್ಲ ದ್ವೀಪದಲ್ಲೂ ಎಲ್ಲ ಪ್ರಾಣಿ ಇಲ್ಲ. ಜನ ಎಡವುವ ಮೊದಲ ಜಾಗ ಇದೇ. ಹಾರಲಾರದ ನೀರುಕಾಗೆ ಬೇಕಿದ್ದರೆ ಪಶ್ಚಿಮದ ಫರ್ನಾಂಡಿನಾ ಮತ್ತು ಇಸಾಬೆಲಾ ಕಡೆ ಹೋಗುವ ಹಡಗೇ ಬೇಕು. ಕೆಂಪು ಕಾಲಿನ ಬೂಬಿ ಎನ್ನುವ ಕಡಲಹಕ್ಕಿಗೆ ಉತ್ತರದ ಹೆನೊವೇಸಾ ಒಳ್ಳೆಯದು. ದೊಡ್ಡ ಆಲ್ಬಟ್ರಾಸ್ ಹಕ್ಕಿಗೆ ಎಸ್ಪನ್ಯೋಲಾ, ಅದೂ ಹೆಚ್ಚುಕಮ್ಮಿ ಏಪ್ರಿಲ್‌ನಿಂದ ಡಿಸೆಂಬರ್ ಒಳಗೆ. ಉಳಿದ ತಿಂಗಳು ಅದು ಸಮುದ್ರದ ಮೇಲೆ ಇರುತ್ತದೆ, ದ್ವೀಪದಲ್ಲಿ ಕಾದು ಕೂತರೂ ಸಿಗುವುದಿಲ್ಲ.

ಜನವರಿಯಿಂದ ಮೇವರೆಗೆ ಬಿಸಿ, ನಡುನಡುವೆ ಮಳೆ, ಸಮುದ್ರ ಸ್ವಲ್ಪ ಶಾಂತ. ಜೂನ್‌ನಿಂದ ಡಿಸೆಂಬರ್ ತಂಪು, ಆಕಾಶ ಮೋಡ, ಎತ್ತರದ ಜಾಗಗಳಲ್ಲಿ ಗರುವಾ ಎನ್ನುವ ಜಿಟಿಜಿಟಿ ಹನಿ. ನಮ್ಮ ಆಷಾಢದ ಮಳೆ ನೋಡಿದವರಿಗೆ ಅದು ಮಳೆಯೇ ಅಲ್ಲ ಬಿಡಿ. ಆದರೆ ಆ ತಿಂಗಳುಗಳಲ್ಲಿ ಸಮುದ್ರ ಜಾಸ್ತಿ ಕುಲುಕುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳೆಸುವವರು ವರ್ಷದ ಮೊದಲರ್ಧ ಆರಿಸಿಕೊಳ್ಳಿ. ಯಾವಾಗ ಹೋದರೂ ವಾಂತಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಿ. ಕುಲುಕಾಟ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ.

ಹಂತ 2: ಲಸಿಕೆ, ದುಡ್ಡು, ಅಡಿಕೆ

ಈಕ್ವೆಡಾರ್ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಲಸಿಕೆಯ ಪ್ರಮಾಣಪತ್ರ ಇಲ್ಲದೆ ಅಲ್ಲಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ನಿಮ್ಮನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಹಾಕಿಸಿಕೊಂಡ 10 ದಿನದ ಮೇಲಷ್ಟೇ ಆ ಪತ್ರ ಲೆಕ್ಕಕ್ಕೆ ಬರುತ್ತದೆ. ಪಕ್ಕದ ಕ್ಲಿನಿಕ್‌ನಲ್ಲಿ ಸಿಗುವ ಲಸಿಕೆಯೂ ಅಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ಹೊರಡುವ ವಾರ ಓಡಾಡಿದರೆ ಆಗುವುದಿಲ್ಲ.

ಗ್ಯಾಲಪಗೋಸ್ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ದೊಡ್ಡವರಿಗೆ 200 ಡಾಲರ್ ಆಗಿದೆ. ನಗದಾಗಿ ಇಟ್ಟುಕೊಳ್ಳಿ. ಅಲ್ಲಿನ ಪ್ಲಗ್ ಚಪ್ಪಟೆ ಪಿನ್ನಿನದು. ನಮ್ಮ ಚಾರ್ಜರ್‌ಗಳು ಅಲ್ಲಿನ ವೋಲ್ಟೇಜಿಗೆ ನಡೆಯುತ್ತವೆ, ಪಿನ್ ಬದಲಿಸುವ ಅಡಾಪ್ಟರ್ ಮಾತ್ರ ಬೇಕು, ಎರಡು ತೆಗೆದುಕೊಳ್ಳಿ. ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು.

ಇನ್ನು ನಮ್ಮವರ ದೊಡ್ಡ ಸಂಕಟ. ದ್ವೀಪಕ್ಕೆ ಹಾರುವ ಮೊದಲು ಚೀಲ ತಪಾಸಣೆ ಆಗುತ್ತದೆ. ಹೊರಗಿನ ಬೀಜ, ಹಣ್ಣು, ಗಿಡ, ಹುಳು ಅಲ್ಲಿಗೆ ಹೋಗಬಾರದು ಅಂತ. ಎಲೆ-ಅಡಿಕೆ ಸಂಚಿ ಮನೆಯಲ್ಲೇ ಇರಲಿ. ವಾಂತಿ ಬಂದರೆ ಮೂಸಲಿಕ್ಕೆ ಅಂತ ಅಮ್ಮ ಹಾಕಿಕೊಡುವ ನಿಂಬೆಹಣ್ಣನ್ನೂ ಅಲ್ಲಿ ಕಿತ್ತುಕೊಳ್ಳುತ್ತಾರೆ. ಎಲ್ಲಕ್ಕಿಂತ ಮುಖ್ಯ, ಶೂ. ತೋಟದಲ್ಲಿ ಓಡಾಡಿದ ಶೂವಿನ ಅಡಿಯಲ್ಲಿ ಮಣ್ಣು, ಅದರೊಳಗೆ ಹುಲ್ಲಿನ ಬೀಜ ಸಿಕ್ಕಿಕೊಂಡಿರುತ್ತದೆ. ಹಳೆ ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ. ಚೀಲದ ತಳ, ವೆಲ್ಕ್ರೋ ಪಟ್ಟಿಗಳನ್ನೂ ನೋಡಿ. ವೆಲ್ಕ್ರೋ ಒಳಗೆ ಹುಲ್ಲಿನ ಮುಳ್ಳು ಇರುವುದು ನಮಗೆ ಹೊಸತಲ್ಲವಲ್ಲ.

ಹಂತ 3: ಲೆನ್ಸ್, ಉದ್ದದ್ದೇ ಬೇಕಂತ ಹಟ ಬೇಡ

ನಾನು ಬಾಡಿಗೆಗೆ 600 ಮಿಲಿಮೀಟರ್ ಲೆನ್ಸ್ ಹೊತ್ತುಕೊಂಡು ಹೋದೆ. ಎರಡನೇ ದಿನ ನೀಲಿ ಕಾಲಿನ ಬೂಬಿ ನನ್ನ ಮುಂದೆ ಎರಡು ಮಾರು ದೂರದಲ್ಲಿ ಕುಣಿಯಿತು. ನನ್ನ ಲೆನ್ಸಿಗೆ ಫೋಕಸ್ಸೇ ಸಿಗಲಿಲ್ಲ. ಪಕ್ಕದ ಹುಡುಗಿ ಫೋನಿನಲ್ಲಿ ತೆಗೆದ ಚಿತ್ರ ನನ್ನದಕ್ಕಿಂತ ಚೆನ್ನಾಗಿತ್ತು.

ಆದ್ದರಿಂದ ನಿಮ್ಮ ಲೆನ್ಸ್ ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಅಂತ ಮೊದಲು ನೋಡಿ. ನಮ್ಮಲ್ಲಿ ಜಾಸ್ತಿ ಓಡುವ ಉದ್ದದ ಜೂಮ್‌ಗಳಲ್ಲಿ ಎಷ್ಟೋ 2.2ರಿಂದ 2.8 ಮೀಟರ್ ಒಳಗೆ ಬಂದರೆ ಕೈಚೆಲ್ಲುತ್ತವೆ. ಅಲ್ಲಿನ ನಿಯಮದಂತೆ ನೀವು ಪ್ರಾಣಿಯಿಂದ ಕನಿಷ್ಠ 2 ಮೀಟರ್ ದೂರ ಇರಬೇಕು. ಅಂದರೆ ನಿಮ್ಮ ಒಳ್ಳೆಯ ಅವಕಾಶಗಳು ಬರುವುದೇ ಆ ಎರಡು ಮೂರು ಮೀಟರ್ ಅಂತರದಲ್ಲಿ.

ನನ್ನ ಲೆಕ್ಕ ಹೀಗೆ: ಒಂದು ಕ್ಯಾಮೆರಾಕ್ಕೆ 100-400 ಅಥವಾ 70-300 ಮಿಲಿಮೀಟರ್ ಲೆನ್ಸ್, ಇನ್ನೊಂದಕ್ಕೆ 24-70 ಅಥವಾ 16-35. ಎರಡು ಕ್ಯಾಮೆರಾ ಬಾಡಿ ಇದ್ದರೆ ಎರಡನ್ನೂ ಒಯ್ಯಿರಿ. ಒಂದೇ ಇದ್ದರೆ ಇನ್ನೊಂದನ್ನು ಸ್ನೇಹಿತರ ಹತ್ತಿರ ಕೇಳಿ. ಸಮುದ್ರದ ಗಾಳಿಯಲ್ಲಿ ಲೆನ್ಸ್ ಬದಲಿಸುವುದು ಅಂದರೆ ಸೆನ್ಸರ್ ಮೇಲೆ ಉಪ್ಪು ಎರಚಿದ ಹಾಗೆ. ಟ್ರೈಪಾಡ್ ಬೇಡ. ಗುಂಪು ನಿಲ್ಲುವುದಿಲ್ಲ, ದಾರಿ ಕಿರಿದು, ಬಿಚ್ಚಿ ಮಡಚುವಷ್ಟರಲ್ಲಿ ಗೈಡ್ ಕರೆಯುತ್ತಾರೆ. ಫ್ಲ್ಯಾಶ್ ನಿಷೇಧ. ಡ್ರೋನ್ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಮನೆಯಲ್ಲೇ ಬಿಡಿ. ಫೋಕಸ್‌ಗೆ ಸಹಾಯ ಮಾಡುವ ಕೆಂಪು ದೀಪವನ್ನೂ ಮೆನುವಿಗೆ ಹೋಗಿ ಆರಿಸಿಡಿ, ಇದನ್ನು ಎಲ್ಲರೂ ಮರೆಯುತ್ತಾರೆ.

ಜೊತೆಗೆ ಇರಬೇಕಾದ್ದು: ನೀರು ಒಳಗೆ ಹೋಗದ ಸುರುಳಿ ಬಾಯಿಯ ಚೀಲ, ಕೂರಲಿಕ್ಕೆ ಒಂದು ತುಂಡು ಫೋಮ್ ಚಾಪೆ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಲೆನ್ಸಿನ ಮುಂದೆ ಹಾಕುವ ಸಾದಾ ಯುವಿ ಗಾಜು, ಸಿಲಿಕಾ ಜೆಲ್.

ಹಂತ 4: ಊರಲ್ಲೇ ಮೂರು ಅಭ್ಯಾಸ

ಈ ಹಂತ ಬಿಟ್ಟು ಮುಂದೆ ಓದಬೇಡಿ. ಫೇಲ್ ಆಗುವವರು ಬಿಡುವುದು ಇದನ್ನೇ.

ಮೊದಲನೆಯದು ಎಮ್ಮೆ ಮತ್ತು ಬೆಳ್ಳಕ್ಕಿ. ನಾವು ಬಿಳಿ ಹಕ್ಕಿ ತೆಗೆಯಲು ಕಲಿಯುವುದು ಮಂಡಗದ್ದೆಯಲ್ಲಿ, ಅಲ್ವಾ? ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗೆಯ ನಡುಗಡ್ಡೆ, ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು. ಅಲ್ಲಿ ಮೇಲೆ ಮೋಡ, ಹಿಂದೆ ಹಸಿರು, ಕೆಳಗೆ ಕೆಂಪು ನೀರು. ಬೆಳಕು ಎಷ್ಟು ಮೆತ್ತಗೆ ಅಂದರೆ ಕ್ಯಾಮೆರಾ ತಪ್ಪು ಮಾಡಿದರೂ ನಡೆದುಹೋಗುತ್ತದೆ. ಅದಕ್ಕೇ ನಾವು ಕಲಿಯುವುದಿಲ್ಲ. ಗ್ಯಾಲಪಗೋಸ್ ಇರುವುದು ಭೂಮಧ್ಯ ರೇಖೆಯ ಮೇಲೆ. ನೆತ್ತಿ ಸುಡುವ ಬಿಸಿಲು, ಕೆಳಗೆ ಇದ್ದಿಲಿನಂಥ ಲಾವಾ ಕಲ್ಲು, ಅದರ ಮೇಲೆ ಹಾಲು ಬಿಳಿಯ ನಾಜ್ಕಾ ಬೂಬಿ. ಈ ಪರೀಕ್ಷೆ ಊರಲ್ಲಿ ಸಿಗುವುದು ಒಂದೇ ಕಡೆ, ಏಪ್ರಿಲ್ ಬಿಸಿಲಲ್ಲಿ ಗದ್ದೆ ಬಯಲಿನ ಎಮ್ಮೆಯ ಬೆನ್ನ ಮೇಲೆ.

ಕ್ಯಾಮೆರಾ ಕಂಡದ್ದನ್ನೆಲ್ಲ ಬೂದಿ ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮ್ ತುಂಬ ಎಮ್ಮೆ ಇದ್ದರೆ ಆ ಕಪ್ಪನ್ನು ಬೂದಿ ಮಾಡಲು ಬೆಳಕು ಜಾಸ್ತಿ ಬಿಡುತ್ತದೆ. ಪಾಪ, ಮೇಲೆ ಕೂತ ಬೆಳ್ಳಕ್ಕಿ ಸುಟ್ಟುಹೋಗುತ್ತದೆ. ಆಟೋ ಎಕ್ಸ್‌ಪೋಷರ್‌ನಲ್ಲೇ, ಬೆಳಕು ಏರಿಸಿ ಇಳಿಸುವ +/- ಅನ್ನು 0, -0.7, -1.3, -2 ಹೀಗೆ ಇಟ್ಟು ನಾಲ್ಕು ತೆಗೆದು ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ. ಯಾವುದರಲ್ಲಿ ಗರಿಯ ಗೆರೆ ಉಳಿದಿದೆ ಅಂತ ನಿಮ್ಮ ಕ್ಯಾಮೆರಾದ ಲೆಕ್ಕ ತಿಳಿಯುತ್ತದೆ. ಆಮೇಲೆ ಹತ್ತಿರ ಹೋಗಿ ಬೆಳ್ಳಕ್ಕಿಯೇ ಫ್ರೇಮ್ ತುಂಬುವ ಹಾಗೆ ತೆಗೆಯಿರಿ. ಈಗ ಅದೇ -1.3 ಇಟ್ಟರೆ ಹಕ್ಕಿ ಕೊಳೆ ಪಂಚೆಯ ಬಣ್ಣಕ್ಕೆ ಬರುತ್ತದೆ. ಬಿಸಿಲು ಅಷ್ಟೇ ಇದೆ, ಹಿನ್ನೆಲೆ ಮಾತ್ರ ಬದಲಾಗಿದೆ. ಇದು ತಲೆಗೆ ಹೋದ ದಿನ ನೀವು ಬೆಳಕನ್ನು ಕೈಯಾರೆ ಹೊಂದಿಸುವ ಮ್ಯಾನ್ಯುಯಲ್‌ಗೆ ಬರುತ್ತೀರಿ.

ನಡು ಬಿಸಿಲಲ್ಲಿ ಬಿಳಿ ಹಕ್ಕಿಗೆ ಐಎಸ್ಒ 400, ಎಫ್ 8, 1/2500 ಸೆಕೆಂಡ್‌ನಿಂದ ಶುರು ಮಾಡಿ. ಬಿಳಿ ಜಾಗ ಮಿಣುಕುವ ಎಚ್ಚರಿಕೆಯನ್ನು ಆನ್ ಮಾಡಿ, ಎದೆಯ ಮೇಲೆ ಮಿಣುಕಿದರೆ ಶಟರ್ ಒಂದು ಮೆಟ್ಟಿಲು ಏರಿಸಿ. ಒಮ್ಮೆ ಸರಿಯಾದ ಮೇಲೆ ಮೋಡ ಅಡ್ಡ ಬರುವ ತನಕ ಮುಟ್ಟಬೇಡಿ, ಹಿಂದೆ ಕಲ್ಲಿರಲಿ, ಕಡಲಿರಲಿ. ರಾ ಫೈಲಿನಲ್ಲೇ ತೆಗೆಯಿರಿ. ಕಪ್ಪಿನೊಳಗಿಂದ ವಿವರ ಮೇಲೆತ್ತಬಹುದು, ಸುಟ್ಟ ಬಿಳಿಯಿಂದ ಏನೂ ಬರುವುದಿಲ್ಲ.

ಎರಡನೆಯದು ಅಂಗಳದ ಕೋಳಿ. ನಗಬೇಡಿ. ಎರಡು ಮೀಟರ್ ದೂರದಲ್ಲಿದ್ದೂ ಓಡದ ಪ್ರಾಣಿ ನಮಗೆ ಬೇರೆ ಎಲ್ಲಿ ಸಿಗುತ್ತದೆ? ನೆಲದಲ್ಲಿ ಕೂತು, ಕ್ಯಾಮೆರಾವನ್ನು ಕೋಳಿಯ ಕಣ್ಣಿನ ಮಟ್ಟಕ್ಕೆ ಇಳಿಸಿ, 24 ಮಿಲಿಮೀಟರ್‌ನಲ್ಲಿ ಕೋಳಿಯೂ ಕಾಣಬೇಕು, ಹಿಂದೆ ಮನೆಯ ಹೆಂಚು, ತೋಟ, ಗುಡ್ಡವೂ ಕಾಣಬೇಕು, ಕಾಲಿನ ಉಗುರು ಕತ್ತರಿಸಬಾರದು. ಅರ್ಧ ಗಂಟೆ ಮಾಡಿದರೆ ಬೆನ್ನು ನೋವಿನ ಜೊತೆ ಒಂದು ವಿಷಯ ಗೊತ್ತಾಗುತ್ತದೆ. ಇಷ್ಟು ದಿನ ಬರೀ ಮುಖ ತೆಗೆದು ಜಾಗ ಬಿಟ್ಟು ಬರುತ್ತಿದ್ದೆವು.

ಮೂರನೆಯದು ಮಲ್ಪೆ. ಘಾಟಿ ಇಳಿದರೆ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳು, ಅವೂ ಲಾವಾ ತಣ್ಣಗಾಗಿ ಕಂಬಕಂಬವಾಗಿ ನಿಂತ ಕಲ್ಲೇ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಆಮೇಲೆ ಹೋಗಿ. ಅಲುಗುವ ದೋಣಿಯಲ್ಲಿ ಕೂತು ಹದ್ದು ಹಾರುವುದನ್ನು ತೆಗೆಯುವುದು, ಕ್ಯಾಮೆರಾ ಚೀಲದೊಳಗೆ ಇಟ್ಟು ದಡಕ್ಕೆ ಇಳಿಯುವುದು, ಸಂಜೆ ಉಪ್ಪು ಒರೆಸುವುದು, ಮೂರನ್ನೂ ಒಂದೇ ದಿನದಲ್ಲಿ ಮಾಡಿ ನೋಡಬಹುದು. ದೋಣಿಯಲ್ಲಿ ಮೊಣಕೈಯನ್ನು ಅಂಚಿನ ಮೇಲೆ ಊರಬೇಡಿ, ಎಂಜಿನ್ನಿನ ನಡುಕ ನೇರ ಲೆನ್ಸಿಗೆ ಬರುತ್ತದೆ. ಮೈಗೆ ಒತ್ತಿ ಹಿಡಿಯಿರಿ, ಶಟರ್ 1/1000ಕ್ಕಿಂತ ಕೆಳಗೆ ಬಿಡಬೇಡಿ.

ಹಂತ 5: ದೋಣಿಯಿಂದ ಕಲ್ಲಿಗೆ

ದೊಡ್ಡ ಹಡಗಿನಿಂದ ಪಾಂಗಾ ಎನ್ನುವ ಚಿಕ್ಕ ರಬ್ಬರ್ ದೋಣಿಯಲ್ಲಿ ಇಳಿಸುತ್ತಾರೆ. ಒಣ ಇಳಿತ ಅಂದರೆ ಕಲ್ಲಿನ ಮೇಲೆ, ಒದ್ದೆ ಇಳಿತ ಅಂದರೆ ಮೊಣಕಾಲು ನೀರಿನಲ್ಲಿ. ಯಾವುದಾದರೂ ಸರಿ, ಕ್ಯಾಮೆರಾ ಚೀಲದೊಳಗೇ ಇರಬೇಕು, ಎರಡೂ ಕೈ ಖಾಲಿ ಇರಬೇಕು. ಕಲ್ಲಿನ ಮೇಲೆ ಪಾಚಿ ಇರುತ್ತದೆ. ಮಳೆಗಾಲದ ಬಾವಿಕಟ್ಟೆ ನೆನಪಿಸಿಕೊಂಡು ಕಾಲಿಡಿ.

ಲಾವಾ ಎರಡು ಬಗೆ. ಹಗ್ಗ ಸುತ್ತಿಟ್ಟ ಹಾಗೆ ನುಣ್ಣಗಿರುವುದು ಪಹೋಯ್‌ಹೋಯ್. ನೋಡಲು ಗಟ್ಟಿ, ಆದರೆ ಕೆಲವೆಡೆ ಒಳಗೆ ಟೊಳ್ಳು, ಮೇಲಿನ ಪದರ ಹಪ್ಪಳದ ಹಾಗೆ ಮುರಿಯುತ್ತದೆ. ಚೂಪುಚೂಪಾಗಿ ಒಡೆದಿರುವುದು ಆ-ಆ. ನಮ್ಮ ಜಂಬಿಟ್ಟಿಗೆ ಕಲ್ಲು ಅದರ ಮುಂದೆ ಹತ್ತಿ ಹಾಸಿಗೆ. ಚಪ್ಪಲಿಯಲ್ಲಿ ನಡೆಯಬೇಡಿ, ಬಿದ್ದರೆ ಅಂಗೈ ಸೀಳುತ್ತದೆ. ದಾರಿಯ ಎರಡೂ ಬದಿ ಕಪ್ಪು-ಬಿಳಿ ಗೂಟ ಇರುತ್ತವೆ, ಆಚೆ ಹೋಗುವಂತಿಲ್ಲ. ಒಳ್ಳೆ ಕೋನ ಸಿಗಲಿಲ್ಲ ಅಂತ ಗೂಟ ದಾಟಿದವರನ್ನು ನಾನು ನೋಡಿದ್ದೇನೆ, ಗೈಡ್ ಎಲ್ಲರೆದುರು ವಾಪಸ್ ಕರೆದರು. ಕೂರುವ ಮೊದಲು ಕಲ್ಲನ್ನು ಎರಡು ಸಲ ನೋಡಿ. ಕರಿ ಇಗ್ವಾನಾ ಕರಿ ಕಲ್ಲಿನ ಮೇಲೆ ಮಲಗಿದ್ದರೆ ಮೊದಲ ನೋಟಕ್ಕೆ ಕಾಣುವುದೇ ಇಲ್ಲ.

ಹಂತ 6: ಕೂರಿ, ಕಾಯಿರಿ, ಸೂಚನೆ ಓದಿ

ಇಳಿದ ಕೂಡಲೇ ಕ್ಲಿಕ್ ಶುರು ಮಾಡಬೇಡಿ. ಮೊದಲ ಐದು ನಿಮಿಷ ಸುಮ್ನೆ ನಿಂತು ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಪ್ರಾಣಿ ಯಾವ ಕಡೆ ಸರಿಯುತ್ತಿದೆ ನೋಡಿ. ಅದು ಬರುವ ದಾರಿಯ ಬದಿಗೆ ಹೋಗಿ ಕೂರಿ. ಬೆನ್ನಟ್ಟಿ ಹೋದರೆ ಹಿಂಭಾಗದ ಚಿತ್ರವೇ ಸಿಗುವುದು. ಕೂತವನ ಹತ್ತಿರ ಅದೇ ಬಂದು ಎರಡು ಮೀಟರ್ ಒಳಗೆ ನುಗ್ಗಿದರೆ ನೀವೇ ನಿಧಾನ ಹಿಂದೆ ಸರಿಯಬೇಕು. ಮುಟ್ಟುವಂತಿಲ್ಲ.

ಪ್ರಾಣಿ ಓಡದಿದ್ದರೆ ಅದಕ್ಕೆ ತೊಂದರೆಯಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಈ ಲೆಕ್ಕ ತಪ್ಪುತ್ತದೆ. ಅದು ಹೇಳುವ ರೀತಿ ಬೇರೆ, ಅಷ್ಟೆ.

ನೀಲಿ ಕಾಲಿನ ಬೂಬಿ ಬರಿ ನೆಲದಲ್ಲಿ ಮೊಟ್ಟೆ ಇಡುತ್ತದೆ. ಸುತ್ತ ಅದರ ಹಿಕ್ಕೆಯ ಬಿಳಿ ವೃತ್ತ ಇರುತ್ತದೆ, ರಂಗೋಲಿ ಹಾಕಿದ ಹಾಗೆ. ಆ ವೃತ್ತ ಕಂಡರೆ ಅಲ್ಲೇ ನಿಲ್ಲಿ. ಹಕ್ಕಿ ಕೊಕ್ಕು ನಿಮ್ಮ ಕಡೆ ಚುಚ್ಚಿ ತೋರಿಸಿದರೆ, ಮೊಟ್ಟೆ ಬಿಟ್ಟು ಎದ್ದು ನಿಂತರೆ, ಕೂಡಲೇ ಹಿಂದೆ ಬನ್ನಿ. ಬಿಸಿಲಿಗೆ ಬಿದ್ದ ಮೊಟ್ಟೆ ಬೇಗ ಕೆಡುತ್ತದೆ. ಗಂಡು ಕಡಲಸಿಂಹ ದಡದುದ್ದಕ್ಕೂ ಬೊಗಳುತ್ತ ಈಜುತ್ತಿದ್ದರೆ ಅದು ಕಾವಲು. ನಿಮ್ಮ ಮತ್ತು ನೀರಿನ ನಡುವೆ ಅದು ಬರಲು ಬಿಡಿ, ನೀವು ದಡದ ಮೇಲೆ ದೂರ ಹೋಗಿ. ಮರಿ ಬಂದು ಶೂ ಮೂಸಬಹುದು, ಮುದ್ದು ಬರುತ್ತದೆ ನಿಜ, ಕೈ ಮಾತ್ರ ಚಾಚಬೇಡಿ. ಆಮೆ ಬುಸ್ ಅಂದು ತಲೆ ಒಳಗೆ ಎಳೆದುಕೊಂಡರೆ ನೀವು ತುಂಬ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಆ ಸದ್ದು ಸಿಟ್ಟಿನದಲ್ಲ, ಕತ್ತು ಒಳಗೆ ಹೋಗುವಾಗ ಶ್ವಾಸಕೋಶದ ಗಾಳಿ ಹೊರಬರುವುದು. ಆದರೂ ನಿಮ್ಮ ಚಿತ್ರ ಹೋಯಿತು, ಅದು ಮತ್ತೆ ತಲೆ ಚಾಚುವ ತನಕ ಗುಂಪು ಕಾಯುವುದಿಲ್ಲ.

ಹಂತ 7: ಯಾವುದಕ್ಕೆ ಏನು

ಕಡಲ ಇಗ್ವಾನಾ ಬೆಳಿಗ್ಗೆ ಮೈ ಕಾಯಿಸಿಕೊಳ್ಳುತ್ತ ರಾಶಿ ಬಿದ್ದಿರುತ್ತದೆ. ಆಗ 1/250 ಸಾಕು, ಅಗಲ ಲೆನ್ಸ್ ಹಾಕಿ. ಮೈ ಬಿಸಿಯಾದ ಮೇಲೆ ಪಾಚಿ ತಿನ್ನಲು ಸಮುದ್ರಕ್ಕೆ ಇಳಿಯುತ್ತದೆ. ತಿಂದು ಬಂದು ಮೂಗಿನಿಂದ ಉಪ್ಪು ನೀರು ಸೀನುತ್ತದೆ. ಆ ಸೀನು ಬೇಕಿದ್ದರೆ ಬಿಸಿಲು ಇಗ್ವಾನಾದ ಹಿಂದೆ ಇರುವ ಹಾಗೆ ಕೂತು, 1/2000 ಇಟ್ಟು, ಮೂಗಿನ ಮೇಲೆ ಫೋಕಸ್ ಹಿಡಿದು ಕಾಯಿರಿ. ಎದುರಿಗೆ ನೇರ ಕೂರಬೇಡಿ, ಸೀನು ನಿಮ್ಮ ಗಾಜಿನ ಮೇಲೆ ಬೀಳುತ್ತದೆ.

ನೀಲಿ ಕಾಲಿನ ಬೂಬಿ ಕುಣಿಯುವಾಗ ಒಂದೊಂದೇ ಕಾಲೆತ್ತುತ್ತದೆ, ಆಮೇಲೆ ರೆಕ್ಕೆ ಬಿಚ್ಚಿ ಕೊಕ್ಕು ಆಕಾಶಕ್ಕೆ ಎತ್ತುತ್ತದೆ. ಎರಡಕ್ಕೂ ಜಾಗ ಬಿಡಿ. ಹೆಸರೇ ಕಾಲಿನದು, ನಮ್ಮವರು ಕಾಲು ಕತ್ತರಿಸಿಕೊಂಡು ಬರುತ್ತಾರೆ! ಮೀನಿಗೆ ಧುಮುಕುವಾಗ 1/2500ಕ್ಕಿಂತ ಕಡಿಮೆ ಇಟ್ಟರೆ ಬರೀ ಬಿಳಿ ಗೀಟು ಸಿಗುತ್ತದೆ.

ಫ್ರಿಗೇಟ್ ಹಕ್ಕಿಯ ಗಂಡಿನ ಕತ್ತಿನ ಕೆಂಪು ಚೀಲ, ಕಲ್ಲಿನ ಮೇಲಿನ ಕೆಂಪು ಏಡಿ, ಇವೆರಡರಲ್ಲಿ ಬೇರೆ ಅಪಾಯ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಒಟ್ಟಾರೆ ಸರಿ ಕಾಣುತ್ತದೆ, ಕೆಂಪು ಮಾತ್ರ ಅಂಚಿಗೆ ಬಡಿದಿರುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದು ಕೆಂಪಿನ ಗೆರೆ ನೋಡಿ ಬೆಳಕು ಇಳಿಸಿ.

ಹಾರಲಾರದ ನೀರುಕಾಗೆ ನಮ್ಮ ಮಂಡಗದ್ದೆಯ ನೀರುಕಾಗೆಯ ಹಾಗೇ ನೀರಿನಿಂದ ಬಂದು ರೆಕ್ಕೆ ಬಿಚ್ಚಿ ಒಣಗಿಸುತ್ತದೆ. ರೆಕ್ಕೆ ಮಾತ್ರ ಹರಿದ ಕೊಡೆಯ ಹಾಗೆ ಮೋಟು. ಅದು ನೀರಿನಿಂದ ಎದ್ದ ಕೂಡಲೇ ರೆಡಿ ಇರಿ, ಊರಿನ ಹಳೆ ಅಭ್ಯಾಸ ಹಾಗೇ ಕೈಹಿಡಿಯುವ ಜಾಗ ಇದು. ಸಾಂತಾ ಕ್ರೂಸ್ ದ್ವೀಪದ ಎತ್ತರದ ಜಾಗದಲ್ಲಿರುವ ಆಮೆಗಳ ಹತ್ತಿರ ಕೆಸರು, ಹನಿ, ಹಸಿರು. ಆಮೆ ನಡೆಯುವ ದಿಕ್ಕಿನಲ್ಲಿ ಐದಾರು ಮೀಟರ್ ಮುಂದೆ, ಪಕ್ಕಕ್ಕೆ ಸರಿದು ಕೂತರೆ ಮೇಯುತ್ತ ತಾನೇ ಬರುತ್ತದೆ.

ಭೇಟಿಯ ಜಾಗಗಳು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಸೂರ್ಯ ಹುಟ್ಟುವುದೂ ಮುಳುಗುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ನೇರ ಮೇಲೆ ಹೋಗಿ ನೇರ ಕೆಳಗೆ ಬೀಳುತ್ತಾನೆ. ಒಳ್ಳೆ ಬೆಳಕು ಬೇಗ ಮುಗಿಯುತ್ತದೆ. ಹಡಗು ಬುಕ್ ಮಾಡುವಾಗಲೇ ಬೆಳಿಗ್ಗೆ ಎಷ್ಟು ಗಂಟೆಗೆ ಇಳಿಸುತ್ತಾರೆ ಅಂತ ಕೇಳಿ. ತಿಂಡಿ ಮುಗಿಸಿ ಎಂಟೂವರೆಗೆ ಅಂದರೆ ಬೇರೆ ಹಡಗು ನೋಡಿ.

ಹಂತ 8: ಪ್ರತಿ ಸಂಜೆ ಉಪ್ಪು ತೆಗೆಯಿರಿ

ಸುಸ್ತಾಗಿರುತ್ತದೆ, ನಾಳೆ ನೋಡೋಣ ಅನಿಸುತ್ತದೆ. ಮೂರನೇ ದಿನದ ಮಸುಕು ಬರುವುದು ಹೀಗೇ.

ಒಣ ಬಟ್ಟೆಯಲ್ಲಿ ಗಾಜು ಉಜ್ಜಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಬಟ್ಟೆಯನ್ನು ಕುಡಿಯುವ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಮೊದಲು ಬಾಡಿ ಮತ್ತು ಲೆನ್ಸಿನ ಹೊರಮೈ ಒರೆಸಿ. ಯುವಿ ಗಾಜನ್ನು ಬಿಚ್ಚಿ ನೀರಿನಲ್ಲೇ ತೊಳೆಯಿರಿ. ಆಮೇಲೆ ಒಣ ಬಟ್ಟೆ. ಜೂಮ್ ರಿಂಗ್ ತಿರುಗಿಸುವಾಗ ಕರಕರ ಅಂದರೆ ಉಪ್ಪು ಒಳಗೆ ಹೋಗಿದೆ, ಬಲವಂತ ಮಾಡಬೇಡಿ, ಒದ್ದೆ ಬಟ್ಟೆಯನ್ನು ಆ ಸಂದಿಯಲ್ಲಿ ಸುತ್ತಲೂ ಓಡಿಸಿ. ಏಸಿ ಕೋಣೆಯಿಂದ ಬೆಳಿಗ್ಗೆ ನೇರ ಹೊರಗೆ ತಂದರೆ ಗಾಜಿನ ಮೇಲೆ ಬೆವರು ಕೂರುತ್ತದೆ. ಅರ್ಧ ಗಂಟೆ ಮೊದಲೇ ಚೀಲವನ್ನು ಮುಚ್ಚಿದ ಹಾಗೇ ಹೊರಗಿಡಿ.

ಕಾರ್ಡಿನಿಂದ ಎರಡು ಕಡೆ ಕಾಪಿ ಮಾಡಿ, ಒಂದು ಡಿಸ್ಕ್ ನಿಮ್ಮ ಚೀಲದಲ್ಲಿ, ಇನ್ನೊಂದು ಜೊತೆಗಾರರ ಚೀಲದಲ್ಲಿ. ಸಮುದ್ರದ ನಡುವೆ ಇಂಟರ್ನೆಟ್ ನೆಚ್ಚಿಕೊಳ್ಳಬೇಡಿ.

ಊರಿಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಜೂನ್-ಜುಲೈನಲ್ಲಿ ವಾಪಸ್ ಬಂದವರು ಚೀಲವನ್ನು ಹಾಗೇ ಬೀರುವಿಗೆ ತಳ್ಳುತ್ತಾರೆ. ಒಳಗೆ ಉಪ್ಪು, ಹೊರಗೆ ಮಲೆನಾಡಿನ ಮಳೆ. ಉಪ್ಪು ತೇವ ಎಳೆಯುತ್ತದೆ, ದೀಪಾವಳಿಗೆ ತೆಗೆದು ನೋಡಿದರೆ ಲೆನ್ಸಿನೊಳಗೆ ಜೇಡರಬಲೆಯ ಹಾಗೆ ಬೂಷ್ಟು ಹಬ್ಬಿರುತ್ತದೆ. ಬಂದ ದಿನವೇ ಎಲ್ಲವನ್ನೂ ಬಿಚ್ಚಿ, ಚೀಲವನ್ನೂ ಪಟ್ಟಿಗಳನ್ನೂ ನೀರಿನಲ್ಲಿ ತೊಳೆದು, ಲೆನ್ಸ್‌ಗಳನ್ನು ಹೊಸ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿ. ಜೆಲ್ಲಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡುವಂತಿಲ್ಲ, ಅದಕ್ಕೇ ಹಳೆಯದೊಂದನ್ನು ಬೇರೆ ಎತ್ತಿಡಿ.